ಹಂಸ ನಮ್ಮ ಕೆರಿಗಿ ಬರ್ತದೇನ್ ಮುತ್ಯಾ?

ಮಕ್ಕಳೇ, ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಜಗಳವಾಯಿತು. ಜಗಳ ನನಗೂ ನನ್ನ ಮೊಮ್ಮಗಳಿಗೂ. ಹೊಲದ್ದಲ್ಲ, ಟಿ.ವಿ. ರಿಮೋಟಿನದ್ದೂ ಅಲ್ಲ. ಒಂದು ಹಕ್ಕಿಯದ್ದು.

ಅದಕ್ಕೂ ಮೊದಲು ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನನ್ನ ಎಡಗಣ್ಣು ಹೋಗಿ ಮೂರು ವರ್ಷವಾಯಿತು. ಬಲಗಣ್ಣಿನಲ್ಲಿ ಬೆಳಕಿದೆ. ಎದುರು ಬಂದವರ ಗುರುತು ಸಿಗುತ್ತದೆ, ತಾಟಿನಲ್ಲಿ ರೊಟ್ಟಿ ಯಾವುದು ಪಲ್ಯ ಯಾವುದು ತಿಳಿಯುತ್ತದೆ. ಪುಸ್ತಕ ಹಿಡಿದರೆ ಮಾತ್ರ ಅಕ್ಷರಗಳು ಇರುವೆಯ ಸಾಲಿನಂತೆ ಹರಿದಾಡುತ್ತವೆ. ಹುಡುಗನಿದ್ದಾಗಿನಿಂದ ದಿನಾ ಓದುತ್ತ ಬಂದವನಿಗೆ ಓದು ನಿಂತರೆ ಉಪವಾಸ ಕೂತ ಹಾಗೆ. ಅದಕ್ಕೇ ಏಳನೆಯ ಕ್ಲಾಸಿನ ಮೊಮ್ಮಗಳು ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ತಾಸು ನನಗೆ ಓದಿ ಹೇಳುತ್ತಾಳೆ. ಪುಕ್ಕಟೆ ಅಲ್ಲ. ದಿನಕ್ಕೊಂದು ಶೇಂಗಾ ಚಿಕ್ಕಿ ಆಕೆಯ ಪಗಾರ.

ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸಲು ಯಾದಗಿರಿಗೆ ಹೋಗುವಾಗಲೂ ಆಕೆಯೇ ಜೊತೆ. ಶಹಾಪುರ ಬಂದಾಗ ನನ್ನ ತೋಳು ಹಿಡಿದು, "ಮುತ್ಯಾ, ಈಗ ನೋಡು, ಬುದ್ಧ ಮಲಗ್ಯಾನ" ಎನ್ನುತ್ತಾಳೆ. ಅಲ್ಲಿನ ಗುಡ್ಡಗಳ ಸಾಲು ದೂರದಿಂದ ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುವುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಹಣೆ, ಮೂಗು, ಎದೆ ಎಲ್ಲವೂ ಇವೆ. ನನಗೆ ಈಗ ಅಲ್ಲಿ ಒಂದು ಕಪ್ಪು ಗೆರೆ ಅಷ್ಟೇ ಕಾಣುತ್ತದೆ. ಉಳಿದದ್ದನ್ನು ನೆನಪಿನಿಂದ ತುಂಬಿಕೊಳ್ಳುತ್ತೇನೆ. ಆಕೆಗೆ ಅದು ಗೊತ್ತು. ಆದರೂ ಪ್ರತಿ ಸಲ ಹೇಳುತ್ತಾಳೆ.

ಇನ್ನು ಜಗಳದ ವಿಷಯ. ಆ ಸಂಜೆ ಕನಕದಾಸರ ನಳಚರಿತ್ರೆ ನಡೆದಿತ್ತು. ನಡುಗನ್ನಡ ಆಕೆಗೆ ಕಷ್ಟ, ಅಲ್ಲಲ್ಲಿ ಎಡವುತ್ತಾಳೆ. ನನಗೆ ಅರ್ಧಕ್ಕರ್ಧ ಬಾಯಿಪಾಠ, ತಿದ್ದುತ್ತೇನೆ. ನಳನಿಗೂ ದಮಯಂತಿಗೂ ನಡುವೆ ಸುದ್ದಿ ಒಯ್ಯುವ ಹಂಸ ಬಂತು. ಹಂಸ ಮಾತಾಡಲು ಶುರು ಮಾಡಿದ್ದೇ ತಡ, ಈಕೆ ಪುಸ್ತಕ ಮಡಚಿದಳು.

"ಮುತ್ಯಾ, ಈ ಹಂಸ ಖರೇನೇ ಇತ್ತೇನು?"

"ಇತ್ತೇನು ಅಂದ್ರ? ಈಗೂ ಅದ."

"ಎಲ್ಲದ? ಸರಸ್ವತಿ ಫೋಟೋದಾಗ?"

"ನಮ್ಮ ಬೋನಾಳ ಕೆರ್ಯಾಗ."

ಅಡಿಗೆಮನೆಯಿಂದ ನಮ್ಮ ಮನೆಯಾಕೆಯ ನಗು ಕೇಳಿಸಿತು. "ನಿಮ್ಮ ಮುತ್ಯಾಗ ಕಣ್ಣು ಕಾಣಂಗಿಲ್ಲ. ಅದಕ್ಕ ಎಲ್ಲಾ ಕೊಕ್ಕರೆನೂ ಹಂಸನೇ ಕಾಣ್ತಾವ."

ಮೊಮ್ಮಗಳು ಅದನ್ನೇ ಹಿಡಿದಳು. ಹಂಸ ಅಂದರೆ ಗಂಡಭೇರುಂಡದ ಹಾಗೆ, ಕವಿಗಳು ಕಟ್ಟಿದ ಹಕ್ಕಿ. ಬೋನಾಳದಲ್ಲಿ ಇದ್ದರೆ ಪೇಪರಿನಲ್ಲಿ ಬರುತ್ತಿರಲಿಲ್ಲವೆ? ಮಾತಿಗೆ ಮಾತು ಬೆಳೆದು ಪಂಥಕ್ಕೆ ಬಂತು. ನಾನು ಹಂಸ ತೋರಿಸಿದರೆ ಆಕೆ ಒಂದು ತಿಂಗಳು ಚಿಕ್ಕಿ ಇಲ್ಲದೆ ಓದಬೇಕು. ತೋರಿಸದಿದ್ದರೆ ಒಂದು ತಿಂಗಳು ಓದುವುದೇ ಇಲ್ಲ.

ಒಪ್ಪಿಬಿಟ್ಟೆ. ರಾತ್ರಿ ಮಲಗಿದ ಮೇಲೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಒಂದು ತಿಂಗಳು! ಅಷ್ಟು ದಿನ ಬರಿಯ ಗೋಡೆ ನೋಡುತ್ತ ಕೂರುವುದು ಹೇಗೆ?

ಆದರೂ ನಾನು ಹೇಳಿದ್ದು ಸುಳ್ಳಲ್ಲ. ಇದು ನನಗೆ ಹೇಗೆ ಗೊತ್ತಾಯಿತು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಹುಟ್ಟಿದ್ದು ಶಹಾಪುರ ಮತ್ತು ಸುರಪುರದ ನಡುವಿನ ಒಂದು ಹಳ್ಳಿಯಲ್ಲಿ. ಆಗ ನಾರಾಯಣಪುರದ ಕಾಲುವೆ ಬಂದಿರಲಿಲ್ಲ. ಎರೆಹೊಲ, ಜೋಳ, ತೊಗರಿ, ಸಜ್ಜೆ. ಹೊಲದ ಬದುವಿಗೆ ಜಾಲಿ, ಊರ ಮುಂದೆ ಬೇವು. ಬೇಸಿಗೆಯಲ್ಲಿ ಹೊಲ ಬಿರುಕು ಬಿಟ್ಟರೆ ಒಂದು ಕೈ ಒಳಗೆ ಹೋಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಗುಡಿಯಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಿದ್ದರು. ವಿರಾಟಪರ್ವ ಓದಿದರೆ ಮಳೆ ಬರುತ್ತದೆ ಎನ್ನುವ ನಂಬಿಕೆ ಕನ್ನಡನಾಡಿನ ಎಷ್ಟೋ ಹಳ್ಳಿಗಳಲ್ಲಿತ್ತು. ಮಳೆ ಒಮ್ಮೊಮ್ಮೆ ಬರುತ್ತಿತ್ತು, ಒಮ್ಮೊಮ್ಮೆ ಇಲ್ಲ. ಆದರೆ ನಮಗೆ ಕಥೆಯಂತೂ ಸಿಗುತ್ತಿತ್ತು. ನನ್ನ ಮುತ್ಯಾ ಜೈಮಿನಿ ಭಾರತ ಹಾಡುತ್ತಿದ್ದರು. ಅದನ್ನು ಬರೆದ ಲಕ್ಷ್ಮೀಶ ಕವಿ ತನ್ನ ಕಾವ್ಯದಲ್ಲಿ ದೇವಪುರದ ದೇವರನ್ನು ನೆನೆಯುತ್ತಾನೆ. ಆ ದೇವಪುರ ಕಡೂರು ಸೀಮೆಯ ದೇವನೂರು ಎಂದು ಆ ಕಡೆಯವರು, ಅಲ್ಲ, ನಮ್ಮ ಸುರಪುರದ ದೇವಾಪುರ ಎಂದು ನಾವು. ಮುತ್ಯಾನ ಎದುರು ಕಡೂರಿನ ಹೆಸರು ಎತ್ತಿದರೆ ಅಂದು ಹಾಡು ಬಂದ್.

ಆ ಹಾಡುಗಳ ಸರೋವರಗಳಲ್ಲಿ ಯಾವಾಗಲೂ ನೀರು ತುಂಬಿರುತ್ತಿತ್ತು. ಅದರಲ್ಲಿ ಕಮಲ, ಕಮಲದ ನಡುವೆ ಹಂಸ. ನಮ್ಮ ಊರ ಕೆರೆಯಲ್ಲಿ ಎಮ್ಮೆ, ಎಮ್ಮೆಯ ಮೇಲೆ ಕಾಗೆ. ಕಾವ್ಯದ ಲೋಕ ಬೇರೆ, ನಮ್ಮ ಲೋಕ ಬೇರೆ ಎಂದು ನಾನು ಎಂಟನೆಯ ವಯಸ್ಸಿಗೇ ತೀರ್ಮಾನಿಸಿದ್ದೆ.

ಸುರಪುರದ ಸಾಲೆಗೆ ಸೇರಿದ ಮೇಲೆ ಲೈಬ್ರರಿ ಸಿಕ್ಕಿತು. ಕುವೆಂಪು ಅವರ ಮಲೆನಾಡಿನ ಚಿತ್ರಗಳು, ಶಿವರಾಮ ಕಾರಂತರ ಬೆಟ್ಟದ ಜೀವ. ಹೊರಗೆ ಬೆಂಕಿಯಂಥ ಬಿಸಿಲು, ನಾನು ಬೇವಿನ ನೆರಳಲ್ಲಿ ಕೂತು ಕಾರಂತರ ಜೊತೆ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ನಡೆಯುತ್ತಿದ್ದೆ. ಅಲ್ಲಿ ದಿನಗಟ್ಟಲೆ ಮಳೆ ಹೊಯ್ಯುವುದನ್ನು ಓದಿ ನನಗೆ ನಂಬಿಕೆಯೇ ಬರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಹೆಚ್ಚುಕಡಿಮೆ ಅದರ ಹತ್ತರಲ್ಲೊಂದು ಪಾಲು. ಪುಸ್ತಕ ಮುಚ್ಚಿದಾಗ ಅಂಗಿ ಒದ್ದೆಯಾಗಿರುತ್ತಿತ್ತು. ಮಳೆಯಿಂದಲ್ಲ, ಬೆವರಿನಿಂದ.

ಆ ವರ್ಷ ಪರೀಕ್ಷೆಯಲ್ಲಿ 'ಪ್ರಕೃತಿಯ ಸೊಬಗು' ಎಂದು ಪ್ರಬಂಧ ಬಂತು. ನಾನು ಜೋಗದ ಜಲಪಾತದ ಬಗ್ಗೆ ಎರಡು ಪುಟ ಬರೆದೆ. ಓದಿದ್ದೆಲ್ಲ ಸುರಿದೆ. ಹತ್ತಕ್ಕೆ ಎಂಟು ಅಂಕ. ಕನ್ನಡದ ಗುರುಗಳು ಪೇಪರು ಕೊಡುವಾಗ ಕೇಳಿದರು: "ಜೋಗ ನೋಡೀಯೇನೋ?"

"ಇಲ್ರಿ ಸರ್."

"ಬೋನಾಳ ಕೆರಿ ನೋಡೀಯೇನು?"

"ಇಲ್ರಿ."

"ಜೋಗಕ್ಕ ಹೋಗಲಾಕ ರೊಕ್ಕ ಬೇಕು. ಬೋನಾಳಕ್ಕ ಒಂದು ಸೈಕಲ್ ಸಾಕು."

ಅಷ್ಟೇ ಹೇಳಿದ್ದು, ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮುಂದಿನ ಭಾನುವಾರ ತಾಸಿಗೆ ಇಷ್ಟು ಎಂದು ಬಾಡಿಗೆ ಸೈಕಲ್ ಹಿಡಿದು ಹೊರಟೆ. ಸುರಪುರದಿಂದ ಹತ್ತು-ಹನ್ನೆರಡು ಕಿಲೋಮೀಟರ್. ಅಂದು ಥಂಡಿಗಾಲ. ಕೆರೆಯ ಏರಿ ಹತ್ತಿ ನಿಂತೆ ನೋಡಿ, ಅಷ್ಟು ನೀರು ಒಂದೇ ಕಡೆ ನಾನು ಅದುವರೆಗೆ ಕಂಡಿರಲಿಲ್ಲ. ನೀರಿನ ತುಂಬ ಹಕ್ಕಿ. ಕರಿಯವು, ಬಿಳಿಯವು, ನೇರಳೆ ಬಣ್ಣದ ನೀರುಕೋಳಿ. ದೂರದಲ್ಲಿ ಬೂದುಬಣ್ಣದ ದೊಡ್ಡ ಬಾತುಗಳ ಒಂದು ಹಿಂಡು. ಒಂದರ ಹೆಸರೂ ನನಗೆ ಗೊತ್ತಿರಲಿಲ್ಲ. ಮಲೆನಾಡಿನ ಹಕ್ಕಿಗಳ ಹೆಸರು ಪುಸ್ತಕದಿಂದ ಗೊತ್ತಿತ್ತು, ನಮ್ಮ ಕೆರೆಯವು ಗೊತ್ತಿರಲಿಲ್ಲ! ನಾಚಿಕೆಯಾಯಿತು. ಸೈಕಲ್ ಬಾಡಿಗೆಯೂ ಏರಿತು, ಮನೆಯಲ್ಲಿ ಅದರ ಬೈಗುಳ ಬೇರೆ.

ಈ ಕೆರೆಯನ್ನು ಕಟ್ಟಿಸಿದವರು ಸುರಪುರದ ನಾಯಕ ಅರಸರು. ಆಮೇಲೆ ಅದನ್ನು ಸುಧಾರಿಸಿದವನು ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಗುಡ್ಡದ ಮೇಲಿರುವ 'ಟೇಲರ್ ಮಂಜಿಲ್' ಬಂಗಲೆ ಆತನದೇ. ಹದಿನೈದನೆಯ ವಯಸ್ಸಿಗೆ ಹಡಗು ಹತ್ತಿ ಹಿಂದೂಸ್ತಾನಕ್ಕೆ ಬಂದು, ನಿಜಾಮನ ನೌಕರಿಗೆ ಸೇರಿ, 1841ರಿಂದ 1853ರವರೆಗೆ ಸುರಪುರದಲ್ಲಿದ್ದ. ಕಾದಂಬರಿಕಾರನೂ ಹೌದು. ಆತನ ಆತ್ಮಕಥೆ ಆತ ತೀರಿಕೊಂಡ ಮರುವರ್ಷ, 1877ರಲ್ಲಿ ಅಚ್ಚಾಯಿತು. ನಾನು ಅದನ್ನು ಮಾಸ್ತರನಾದ ಮೇಲೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ನಮ್ಮ ಗುಡ್ಡ, ನಮ್ಮ ಕೆರೆ, ನಮ್ಮ ಊರು ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ! ರಾಜನ್‌ಕೋಳೂರಿನ ಹಳೆಯ ಕಲ್ಲುಮನೆಗಳಂಥವನ್ನೂ ನಿಂತು ನೋಡಿ ಬರೆದಿಟ್ಟವನು ಆತ. ನಾವು ಅಲ್ಲಿ ದನ ಮೇಯಿಸುತ್ತಿದ್ದೆವು ಅಷ್ಟೇ.

ಆದರೆ ಮಕ್ಕಳೇ, ಆ ಪುಸ್ತಕವನ್ನು ಎಚ್ಚರದಿಂದ ಓದಬೇಕು. ಆತ ನಮ್ಮ ನೆಲವನ್ನು ಪ್ರೀತಿಯಿಂದ ನೋಡಿದ, ಆದರೆ ಆಳಲು ಬಂದವರ ಕಡೆಯವನಾಗಿಯೇ ನೋಡಿದ. ಬಾಲಕ ಅರಸ ವೆಂಕಟಪ್ಪ ನಾಯಕ ಆತನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದು, ಸೆರೆಯಾಗಿ, ಹರೆಯದಲ್ಲೇ ಗುಂಡಿಗೆ ಪ್ರಾಣ ಬಿಟ್ಟ. ಆ ಪುಟಗಳನ್ನು ನಾನು ಇವತ್ತಿಗೂ ನಿಧಾನವಾಗಿಯೇ ಓದಿಸಿಕೊಳ್ಳುತ್ತೇನೆ.

ಹಂಸಕ್ಕೆ ಬರೋಣ.

1980ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಬಂತು. ಮೂಡಿಗೆರೆ ಕಡೆಯ ಕಥೆ. ಅದರಲ್ಲಿ ಕರ್ವಾಲೊ ಎಂಬ ದೊಡ್ಡ ವಿಜ್ಞಾನಿ, ಮಂದಣ್ಣ ಎಂಬ ಹಳ್ಳಿಯ ಹುಡುಗನ ಮಾತಿಗೆ ಕಿವಿ ಕೊಡುತ್ತಾನೆ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಆದರೆ ಕಾಡಿನಲ್ಲಿ ಅವನು ಕಂಡದ್ದನ್ನು ಬೇರೆ ಯಾರೂ ಕಂಡಿಲ್ಲ. ಆ ಕಾದಂಬರಿಯಲ್ಲಿ ಎಲ್ಲರಿಗೂ ಹಾರುವ ಓತಿಯ ಬೆನ್ನುಹತ್ತುವುದು ಹಿಡಿಸುತ್ತದೆ. ನನಗೆ ಹಿಡಿಸಿದ್ದು ವಿಜ್ಞಾನಿ ಮಂದಣ್ಣನಿಗೆ ಕೊಡುವ ಮರ್ಯಾದೆ. ಓದಿ ಮುಗಿಸಿದ ಮೇಲೆ ನಾನೂ ಬೋನಾಳದ ಏರಿಯ ಮೇಲೆ ಕುರಿಗಾರರ ಪಕ್ಕ ಕೂತು ಕೇಳಲು ಶುರು ಮಾಡಿದೆ. ಆ ಬೂದು ಬಾತುಗಳ ಬಗ್ಗೆ ಒಬ್ಬ ಹಿರಿಯ ಹೇಳಿದ: "ಅವು ನಮ್ಮವಲ್ಲ ಮಾಸ್ತರ್ರೇ. ಥಂಡ್ಯಾಗ ಬರ್ತಾವ, ಬಿಸಿಲು ಚುರ್ ಅಂದ್ರ ಹೋಗಿಬಿಡ್ತಾವ. ರಾತ್ರಿ ಹೊಲ ಮೇಯ್ತಾವ, ಹಗಲು ನೀರಾಗ ಕೂಡ್ತಾವ. ನಮ್ಮ ಕಡ್ಲಿ ತಿಂದು ಯಾವೂರಿಗೋ ಹೋಗ್ತಾವ ನೋಡ್ರಿ."

ಯಾವೂರಿಗೆ ಎಂದು ಗೊತ್ತಾದದ್ದು ಸಾಲಿಂ ಅಲಿ ಅವರ ಹಕ್ಕಿಗಳ ಪುಸ್ತಕ ಕೈಗೆ ಬಂದಾಗ. 1941ರಲ್ಲಿ ಮೊದಲು ಅಚ್ಚಾದ ಪುಸ್ತಕ ಅದು. ಚಿತ್ರ ನೋಡಿದ ಕೂಡಲೇ ಗುರುತು ಹಿಡಿದೆ. ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಬೂದು ಮೈ, ಕಿತ್ತಳೆ-ಹಳದಿ ಕೊಕ್ಕು, ಅದೇ ಬಣ್ಣದ ಕಾಲು. ಕನ್ನಡದಲ್ಲಿ ಪಟ್ಟೆತಲೆ ಹೆಬ್ಬಾತು ಎನ್ನುತ್ತಾರೆ. ಮೊಟ್ಟೆಯಿಟ್ಟು ಮರಿ ಮಾಡುವುದು ಲಡಾಖ್, ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳಲ್ಲಿ. ಚಳಿಗಾಲಕ್ಕೆ ಹಿಮಾಲಯ ದಾಟಿ ನಮ್ಮ ಬಯಲಿಗೆ ಬರುತ್ತದೆ. 7000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಗಂತೂ ಇವು ಸಾವಿರಗಟ್ಟಲೆ ಬರುತ್ತವೆ.

ಟಿಬೆಟ್ಟಿನ ಸರೋವರ ಎಂದು ಓದಿದೆನಲ್ಲ, ಅಲ್ಲಿ ಕೈ ನಿಂತಿತು. ಟಿಬೆಟ್ಟಿನ ಸರೋವರ ಎಂದರೆ ಮಾನಸ ಸರೋವರವೂ ಬಂತಲ್ಲವೆ! ನಮ್ಮ ಹಳೆಯ ಕವಿಗಳೆಲ್ಲ ಹಂಸದ ತವರು ಎಂದು ಹೇಳಿದ್ದು ಅದನ್ನೇ. ಎದ್ದು ಹೋಗಿ ಬೇಂದ್ರೆಯವರ ಕನ್ನಡ ಮೇಘದೂತ ತೆಗೆದೆ. ಕಾಳಿದಾಸನ ಯಕ್ಷ ಮೋಡಕ್ಕೆ ದಾರಿ ಹೇಳುತ್ತಾನೆ. ನಿನ್ನ ಗುಡುಗು ಕೇಳಿ ಹಂಸಗಳು ಮಾನಸಕ್ಕೆ ಹೊರಡುತ್ತವೆ, ತಾವರೆಯ ಎಳೆದಂಟನ್ನು ಬುತ್ತಿ ಕಟ್ಟಿಕೊಂಡು ಕೈಲಾಸದವರೆಗೆ ನಿನಗೆ ಜೊತೆಯಾಗುತ್ತವೆ ಎಂದು. ಅದನ್ನು ಎಷ್ಟು ಸಲ ಓದಿದ್ದೆನೋ. ಬರೀ ಚಂದದ ಕಲ್ಪನೆ ಎಂದುಕೊಂಡಿದ್ದೆ. ಆ ಕವಿ ಹಕ್ಕಿ ನೋಡಿದ್ದ! ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನೋ ಕೇಳಿದ್ದ, ನಾನು ಕುರಿಗಾರನನ್ನು ಕೇಳಿದ ಹಾಗೆ.

ಇದು ನನ್ನೊಬ್ಬನ ಹುಚ್ಚಲ್ಲ. ಡಚ್ ವಿದ್ವಾಂಸ ಫೋಗೆಲ್ ಎಂಬವರು ಭಾರತದ ಸಾಹಿತ್ಯ ಮತ್ತು ಶಿಲ್ಪದಲ್ಲಿ ಬರುವ ಹಂಸದ ಮೇಲೆ ಬರೆದ ಒಂದು ಪುಸ್ತಕವೇ 1962ರಲ್ಲಿ ಅಚ್ಚಾಗಿದೆ. ಹಂಸ ಎಂದರೆ ಹೆಬ್ಬಾತು ಎಂಬುದು ಅವರ ವಾದ. ಪಟ್ಟೆತಲೆಯ ಹೆಬ್ಬಾತೇ ಇರಬೇಕು ಎನ್ನುವವರೂ ಇದ್ದಾರೆ. ನಾವು ಕ್ಯಾಲೆಂಡರಿನಲ್ಲಿ ನೋಡುವ, ಕೊರಳು ಕೊಂಕಿಸಿದ ಹಾಲಿನಂಥ ಬಿಳಿ ಹಕ್ಕಿ ಹೆಚ್ಚಾಗಿ ಯುರೋಪಿನ ಕೆರೆಗಳದು. ನಮ್ಮ ದೇಶದ ವಾಯವ್ಯ ಮೂಲೆಗೆ ಅದು ಎಂದೋ ಅಪರೂಪಕ್ಕೆ ದಾರಿತಪ್ಪಿ ಬರುವುದುಂಟು, ಅಷ್ಟೇ. ರವಿವರ್ಮ ದಮಯಂತಿಯ ಎದುರು ಅಂಥದ್ದೇ ಬಿಳಿ ಹಕ್ಕಿ ನಿಲ್ಲಿಸಿ ಚಿತ್ರ ಬರೆದ. ಅದು ಮನೆಮನೆಯ ಗೋಡೆಗೆ ಬಂತು. ನಮ್ಮ ಕಣ್ಣಿಗೆ ಹಂಸ ಎಂದರೆ ಅದೇ ಆಯಿತು. ನೀವು ಬೇಲೂರು-ಹಳೇಬೀಡಿನ ಪ್ರವಾಸ ಹೋದರೆ ಗುಡಿಯ ಗೋಡೆಯ ತಳದಲ್ಲಿ ಕೆತ್ತಿದ ಹಂಸಗಳ ಸಾಲು ನೋಡಿ. ಬಾಲ ಹೂಬಳ್ಳಿಯ ಹಾಗೆ ಸುರುಳಿ ಸುತ್ತಿದೆ, ಅದು ಶಿಲ್ಪಿಯ ಹುರುಪು. ಕೊಕ್ಕು ಮತ್ತು ಮೈ ಮಾತ್ರ ಅಪ್ಪಟ ಬಾತಿನದು.

ಇಷ್ಟೆಲ್ಲ ಗೊತ್ತಿದ್ದೇ ನಾನು ಪಂಥ ಕಟ್ಟಿದ್ದು. ಗೊತ್ತಿಲ್ಲದ್ದು ಒಂದೇ. ಮೂರು ವರ್ಷದಿಂದ ನಾನು ಬೋನಾಳಕ್ಕೆ ಹೋಗಿರಲಿಲ್ಲ. ಈ ಸಲ ಅವು ಬಂದಿವೆಯೋ ಇಲ್ಲವೋ?

ಎಳ್ಳಮಾಸಿಯ ಮರುದಿನ ಹೊರಟೆವು. ಹಿಂದಿನ ದಿನ ಹೊಲದಲ್ಲಿ ಚರಗ ಚೆಲ್ಲಿ ಉಂಡು ಮಿಕ್ಕಿದ್ದ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡೆವು. ಓಣಿಯ ಹುಡುಗನ ಟಂಟಂ. ನನ್ನ ಹಳೆಯ ದುರ್ಬೀನು ಆಕೆಯ ಕೊರಳಲ್ಲಿ. ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಏರಿಯ ಮೇಲೆ ನಿಂತಾಗ ಇನ್ನೂ ಮಂಜು.

"ಏನ್ ಕಾಣ್ಲಾಕತ್ತದ ಹೇಳು."

"ಬೆಳ್ಳಕ್ಕಿ ಅವ. ಕರೀ ಬಾತುಕೋಳಿ ಅವ, ಹಣಿ ಮ್ಯಾಲ ಬಿಳಿ ಬೊಟ್ಟು ಇಟ್ಟಂಗ. ನೇರಳೆ ಕೋಳಿ ಒಂದು, ಎರಡು... ಎಂಟು. ಕೊಕ್ಕು ಬಾಗಿದ ಬಿಳಿ ಹಕ್ಕಿ ಒಂದಿಷ್ಟು."

"ಬೂದಿ ಬಣ್ಣದ್ದು? ದೊಡ್ಡವು?"

"ಇಲ್ಲ ಮುತ್ಯಾ."

ಮತ್ತೆ ಕೇಳಿದೆ. ಮತ್ತೆ ಇಲ್ಲ. ಏರಿಯ ಆ ತುದಿಗೆ ನಡೆದೆವು. ಅಲ್ಲೂ ಇಲ್ಲ. ಆಕೆ ಈಗ ನಗುತ್ತಿರಲಿಲ್ಲ. ಪಂಥ ಗೆಲ್ಲುವ ಲಕ್ಷಣ ಕಂಡಾಗ ಮಕ್ಕಳು ಕುಣಿಯಬೇಕು. ಈಕೆ ಸುಮ್ಮನಾದಳು. ಅದು ನನಗೆ ಇನ್ನೂ ಕಷ್ಟವಾಯಿತು.

"ಮಂಜು ಅದ ಮುತ್ಯಾ. ಅದಕ್ಕ ಕಾಣವಲ್ವೇನೋ" ಎಂದಳು.

ಬುತ್ತಿ ಬಿಚ್ಚಿದೆವು. ಕುರಿ ಹೊಡೆದುಕೊಂಡು ಬಂದ ಒಬ್ಬ ಯುವಕ ನಿಂತ. ಅವನಿಗೂ ಅರ್ಧ ರೊಟ್ಟಿ ಕೊಟ್ಟು ಕೇಳಿದೆ. "ಇನ್ನ ಹೊಲದಾಗೇ ಅವ್ರಿ. ಬಿಸಿಲೇರಿದ ಮ್ಯಾಲ ನೀರಿಗಿ ಬರ್ತಾವ. ನಿಂದ್ರಿ" ಎಂದ.

ನಿಂತೆವು. ಎಂಟು ಗಂಟೆ ದಾಟಿರಬೇಕು. ಮೊದಲು ಗೊತ್ತಾದದ್ದು ನನಗೆ, ಆಕೆಗಲ್ಲ. ಕಣ್ಣು ಮಂದವಾದವನ ಕಿವಿ ಚುರುಕು. ದೂರದಿಂದ, ಮೂಗಿನಲ್ಲಿ ಮಾತಾಡಿದ ಹಾಗೆ, ಆಂಗ್... ಆಂಗ್... ಒಂದು, ಆಮೇಲೆ ಹತ್ತು, ಆಮೇಲೆ ಎಣಿಸಲು ಬಾರದಷ್ಟು. ಎದೆ ಹೊಡೆದುಕೊಳ್ಳತೊಡಗಿತು.

"ಮುತ್ಯಾ! ಬರ್ಲಾಕತ್ಯಾವ! ಸಾಲು ಹಿಡಿದು ಬರ್ಲಾಕತ್ಯಾವ!"

ನನಗೆ ಕಂಡದ್ದು ಬೆಳಗಿನ ಆಕಾಶದಲ್ಲಿ ಒಂದು ಕಲೆ. ಅದು ಬಾಗಿತು, ನೀಳವಾಯಿತು, ನೀರಿನ ಕಡೆ ಇಳಿಯಿತು. ನೀರು ಸರ್ರನೆ ಸೀಳಿದ ಸದ್ದು ಕೇಳಿಸಿತು. ಉಳಿದದ್ದನ್ನು ಆಕೆ ನೋಡಿ ಹೇಳಿದಳು. ತಲೆ ಬೆಳ್ಳಗೆ, ಹಿಂದೆ ಎರಡು ಕರಿ ಗೀರು, ಕಾಡಿಗೆ ಬೆರಳಿನಿಂದ ಎಳೆದ ಹಾಗೆ. ಒಂದು ರೆಕ್ಕೆ ಬಡಿಯುತ್ತಿದೆ. ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ಅರವತ್ನಾಲ್ಕು. ಇಲ್ಲ, ಅರವತ್ತಾರು. ಆಕೆ ಮೂರು ಸಲ ಎಣಿಸಿದಳು, ಮೂರು ಸಲವೂ ಬೇರೆ ಲೆಕ್ಕ ಬಂತು.

ನಾನು ಗೆದ್ದೆ ಎಂದುಕೊಂಡೆ. ಅಷ್ಟು ಸುಲಭವೆ?

"ಆದ್ರ ಮುತ್ಯಾ, ಇದು ಬಾತುಕೋಳಿ."

"ಹೌದು. ಹಂಸ ಅಂದ್ರ ಇದೇ."

"ಬೆಳ್ಳಗಿಲ್ಲಲ್ಲ?"

ಫೋಗೆಲ್, ರವಿವರ್ಮ, ಬೇಲೂರು ಎಲ್ಲ ಹೇಳಿದೆ. ತಲೆ ಬೆಳ್ಳಗಿದೆಯಲ್ಲ ಎಂದೂ ಸೇರಿಸಿದೆ. ಆಕೆ ಕೇಳಿಕೊಂಡಳು. ಆಮೇಲೆ ಹಾಲು-ನೀರಿನ ಪ್ರಶ್ನೆ ಬಂತು. ಹಾಲಿನಿಂದ ನೀರು ಬೇರೆ ಮಾಡುವ ವಿದ್ಯೆ ಯಾವ ಹಕ್ಕಿಗೂ ಇಲ್ಲ ಎಂದು ಒಪ್ಪಿಕೊಂಡೆ. ಬಾತುಗಳ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥವು ಇರುತ್ತವೆ, ಹುಲ್ಲು ಕತ್ತರಿಸಲು, ನೀರು ಸೋಸಲು. ತಾವರೆ ದಂಟು ಮುರಿದರೆ ಹಾಲಿನಂಥ ರಸ ಬರುತ್ತದೆ, ನೀರಿನೊಳಗಿಂದ ಆ ಹಾಲು ಕುಡಿಯುತ್ತದೆ ಎನ್ನುವುದರಿಂದ ಆ ಮಾತು ಹುಟ್ಟಿರಬಹುದು ಎಂದು ಕೆಲವರು ಹೇಳುತ್ತಾರೆ. ಇಷ್ಟಕ್ಕೆ ಆಕೆ ತಲೆಯಾಡಿಸಿದಳು. ಆಮೇಲೆ ಒಂದು ಪ್ರಶ್ನೆ ಹಾಕಿದಳು ನೋಡಿ, ನಲವತ್ತು ವರ್ಷದಲ್ಲಿ ನನಗೇ ಹೊಳೆಯದ ಪ್ರಶ್ನೆ.

"ಮುತ್ಯಾ, ಮೇಘದೂತದಾಗ ಮೋಡ ನೋಡಿ ಹಂಸ ಹೊರಡ್ತಾವ ಅಂದಿ. ಮೋಡ ಬರೋದು ಜೂನ್‌ದಾಗ. ಇವು ಬಿಸಿಲು ಚುರ್ ಅಂದ ಕೂಡ್ಲೇ ಹೋಗ್ತಾವ ಅಂತಲೂ ನೀನೇ ಅಂದಿ. ಮಳಿ ಬರೋದ್ರಾಗ ಇವು ಇಲ್ಲಿ ಇರಂಗೇ ಇಲ್ಲಲ್ಲ?"

ಕುರಿಗಾರ ಯುವಕ ಜೋರಾಗಿ ನಕ್ಕುಬಿಟ್ಟ. ನಾನು ಕಂಬಳಿ ಸರಿ ಮಾಡಿಕೊಂಡೆ. ನಿಜ. ಇವು ಮಾರ್ಚ್ ಹೊತ್ತಿಗೆ ಗಂಟುಮೂಟೆ ಕಟ್ಟುತ್ತವೆ. ಮಳೆಗಾಲದಲ್ಲಿ ಕೆರೆ ತುಂಬಿದಾಗ ಹಂಸ ಇರುವುದಿಲ್ಲ, ಅದನ್ನು ಕಂಡು ಕವಿಗಳು ಮೋಡವೇ ಕಳಿಸಿತು ಎಂದು ಹೇಳಿರಬಹುದು ಎಂದು ನನಗೆ ತೋರಿದ್ದನ್ನು ಹೇಳಿದೆ. ಆಕೆ, "ಹಂಗಾದ್ರ ಕಾಳಿದಾಸ ಅರ್ಧ ನೋಡ್ಯಾನ, ಅರ್ಧ ಕಟ್ಯಾನ" ಎಂದಳು. ಇಷ್ಟು ವರ್ಷ ಸಾಲೆಯಲ್ಲಿ ಪಾಠ ಹೇಳಿದ ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರಲಿಲ್ಲ.

ಮನೆಗೆ ಬಂದು ನ್ಯಾಯ ನಮ್ಮ ಮನೆಯಾಕೆಯ ಮುಂದೆ ಹೋಯಿತು. ಆಕೆ ಎರಡೂ ಕಡೆಯ ವಾದ ಕೇಳಿದಳು. ಬುತ್ತಿಯ ಡಬ್ಬಿ ತೆರೆದು ಭಜ್ಜಿ ಹಾಗೇ ಮಿಕ್ಕಿದ್ದನ್ನು ನೋಡಿದಳು. ತೀರ್ಪು ಹೀಗೆ: "ಇಬ್ಬರೂ ಅರ್ಧರ್ಧ ಸೋತೀರಿ. ಹದಿನೈದು ದಿನ ಈಕಿ ಓದಂಗಿಲ್ಲ. ಆಮ್ಯಾಲಿನ ಹದಿನೈದು ದಿನ ಚಿಕ್ಕಿ ಇಲ್ಲ."

ಮೇಲ್ಮನವಿಗೆ ಅವಕಾಶವಿಲ್ಲದ ಕೋರ್ಟು ಅದು. ಮೊದಲ ಎರಡು ಸಂಜೆ ನಾನು ರೇಡಿಯೋ ಕೇಳುತ್ತ ಕೂತೆ. ರೇಡಿಯೋ ತಾನು ಹೇಳಿದ್ದೇ ಹೇಳುತ್ತದೆ, ನಡುವೆ ನಿಲ್ಲಿಸಿ ಏನೂ ಕೇಳುವುದಿಲ್ಲ.

ಮೂರನೆಯ ಸಂಜೆ ಆಕೆ ಕಟ್ಟೆಯ ಮೇಲೆ ಕೂತು ತನ್ನಷ್ಟಕ್ಕೆ ಏನೋ ಓದುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಿಸಕ್ಕನೆ ನಕ್ಕಳು. ಮತ್ತೆ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾವ ಪುಸ್ತಕ?"

"ತೇಜಸ್ವಿದು. ಪರಿಸರದ ಕಥೆ. ನಿನ್ನ ಕಪಾಟದಾಗಿಂದು."

"ಯಾವುದು, ಆ ನಾಯಿದೇನು?"

"ಹೇಳಂಗಿಲ್ಲ. ಇನ್ನ ಹನ್ನೆರಡು ದಿನ ಅದ."

ಮತ್ತೆ ನಗು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಡೆದಿತ್ತು, ಆ ಕಡೆಯಿಂದ ಯಾರೂ ನೋಡುತ್ತಿರಲಿಲ್ಲ. ನಾನು ಕುರ್ಚಿಯನ್ನು ಮೆಲ್ಲಗೆ ಕಟ್ಟೆಯ ಹತ್ತಿರ ಎಳೆದುಕೊಂಡೆ. ಆಕೆ ಒಮ್ಮೆ ಅಡಿಗೆಮನೆಯ ಕಡೆ ನೋಡಿದಳು, ಪುಟವನ್ನು ಹಿಂದಕ್ಕೆ ತಿರುಗಿಸಿ, ದನಿ ತಗ್ಗಿಸಿ, ಮೊದಲಿನಿಂದ ಶುರು ಮಾಡಿದಳು.